ಹಾಯಿದೋಣಿಯ ಎಂಜಿನ್: ಕೆಂಪು ಹಗ್ಗ ಕಟ್ಟದೆ ಕೈ ಹಾಕಬೇಡಿ

ಪ್ರಶ್ನೆ: ನಾವು ಮೂವರು ಗೆಳೆಯರು ಸೇರಿ ಹದಿನೈದು ಅಡಿಯ ಹಳೆಯ ಹಾಯಿದೋಣಿ ಕೊಂಡು, ಅನುಮತಿ ಪಡೆದು ಕೆಆರ್‌ಎಸ್ ಹಿನ್ನೀರಿನಲ್ಲಿ ಓಡಿಸುತ್ತಿದ್ದೇವೆ. ಅದರೊಂದಿಗೆ ದೋಣಿಯ ಹಿಂಬದಿಗೆ ಸಿಕ್ಕಿಸುವ 4 ಅಶ್ವಶಕ್ತಿಯ ಟೂ ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್ ಬಂದಿದೆ. ಮೊನ್ನೆ ಗಾಳಿ ನಿಂತಾಗ ಎಂಜಿನ್ ಶುರು ಮಾಡುವ ಹಗ್ಗ ಎಳೆದ ಕೂಡಲೇ ದೋಣಿ ಮುಂದಕ್ಕೆ ನುಗ್ಗಿತು. ನಿಂತಿದ್ದ ಮಗ ನೀರಿಗೆ ಬೀಳುವುದರಲ್ಲಿದ್ದ. ಅಲೆ ಎದ್ದಾಗ ಎಂಜಿನ್ ಇದ್ದಕ್ಕಿದ್ದಂತೆ ಕಿರುಚುತ್ತದೆ. ಅದಕ್ಕಿರುವ ಕೆಂಪು ಹಗ್ಗ ಅಡ್ಡಿಯಾಗುತ್ತದೆಂದು ಯಾರೂ ಕಟ್ಟಿಕೊಳ್ಳುವುದಿಲ್ಲ. ಎಲ್ಲರೂ ಲೈಫ್ ಜಾಕೆಟ್ ಹಾಕುತ್ತೇವೆ. ಅಷ್ಟು ಸಾಲದೆ?
– ಓದುಗರು, ಮೈಸೂರು

ಉತ್ತರ: ಸಾಲದು. ಲೈಫ್ ಜಾಕೆಟ್ ನಿಮ್ಮನ್ನು ತೇಲಿಸುತ್ತದೆ, ಪ್ರೊಪೆಲ್ಲರ್‌ನಿಂದ ಕಾಪಾಡುವುದಿಲ್ಲ. ಅಡ್ಡಿ ಎಂದು ನೀವು ಬಿಟ್ಟಿರುವ ಆ ಕೆಂಪು ಹಗ್ಗವೇ ದೋಣಿಯಲ್ಲಿರುವ ಅತಿ ಮುಖ್ಯ ಸಾಮಾನು. ಅದರ ಒಂದು ತುದಿ ಎಂಜಿನ್‌ನ ಸ್ವಿಚ್‌ಗೆ, ಇನ್ನೊಂದು ಎಂಜಿನ್ ಹಿಡಿದವನ ಮೈಗೆ; ಅವನು ನೀರಿಗೆ ಬಿದ್ದರೆ ಅದು ಸ್ವಿಚ್‌ನಿಂದ ಕಳಚಿ ಎಂಜಿನ್ ಆರುತ್ತದೆ. ಕಟ್ಟದಿದ್ದರೆ? ಹಿಡಿಯುವವರಿಲ್ಲದ ಎಂಜಿನ್ ಒಂದು ಪಕ್ಕಕ್ಕೆ ತಿರುಗಿಕೊಳ್ಳುತ್ತದೆ, ದೋಣಿ ಸುತ್ತು ಹೊಡೆದು ಬಿದ್ದವನ ಮೇಲೆಯೇ ಬರುತ್ತದೆ. ಹಗ್ಗವನ್ನು ತೊಡೆಗೋ ಲೈಫ್ ಜಾಕೆಟ್‌ನ ಗಟ್ಟಿ ಪಟ್ಟಿಗೋ ಸಿಕ್ಕಿಸಿ. ಅದನ್ನು ಎಳೆದರೆ ಎಂಜಿನ್ ನಿಜವಾಗಿ ಆರುತ್ತದೆಯೇ ಎಂದು ಪ್ರತಿ ಸಲವೂ ದಡದ ಬಳಿಯೇ ನೋಡಿ. ಹಳೆಯ ಎಂಜಿನ್‌ನ ಸ್ವಿಚ್ ತುಕ್ಕು ಹಿಡಿದಿರಬಹುದು.

ದೋಣಿ ನುಗ್ಗಿದ್ದು ಗೇರ್ ಮುಂದಕ್ಕೆ ಬಿದ್ದಿದ್ದರಿಂದ. ಗೇರ್‌ನಲ್ಲಿದ್ದರೆ ಶುರುವಾಗದಂತೆ ತಡೆಯುವ ಏರ್ಪಾಡು ಅನೇಕ ಹಳೆಯ ಎಂಜಿನ್‌ಗಳಲ್ಲಿ ಇರುವುದಿಲ್ಲ. ನ್ಯೂಟ್ರಲ್ ಎಂದು ಕೈಯಿಂದ ಮುಟ್ಟಿ ನೋಡಿ, ಎಲ್ಲರನ್ನೂ ಕೂರಿಸಿ, ಆಮೇಲೆ ಎಳೆಯಿರಿ. ಅದಕ್ಕೂ ಮೊದಲು ದೋಣಿಯ ಸುತ್ತ ಒಮ್ಮೆ ಕಣ್ಣಾಡಿಸಿ: ಹಾಯಿಯ ಹಗ್ಗ ನೀರಿನಲ್ಲಿ ಎಳೆದಾಡುತ್ತಿದ್ದರೆ ಪ್ರೊಪೆಲ್ಲರ್ ಅದನ್ನು ಸುತ್ತಿಕೊಳ್ಳುತ್ತದೆ. ಹಾಯಿದೋಣಿಯ ಎಂಜಿನ್ ಎಷ್ಟೋ ಸಲ ನಿಲ್ಲುವುದು ದೋಣಿಯ ಹಗ್ಗದಿಂದಲೇ. ಶುರುವಾದ ಮೇಲೆ ಪಕ್ಕದ ಸಣ್ಣ ರಂಧ್ರದಿಂದ ನೀರು ಚಿಮ್ಮಬೇಕು. ಚಿಮ್ಮದಿದ್ದರೆ ತಂಪಾಗಿಸುವ ನೀರು ಹರಿಯುತ್ತಿಲ್ಲ ಎಂದರ್ಥ, ತಕ್ಷಣ ಆರಿಸಿ.

ಕಿರುಚುವುದು ಪ್ರೊಪೆಲ್ಲರ್ ನೀರಿನಿಂದ ಮೇಲೆದ್ದಾಗ. ಎಲ್ಲರೂ ಮುಂದೆ ಕುಳಿತರೆ ದೋಣಿಯ ಹಿಂಬದಿ ಎದ್ದೇ ಏಳುತ್ತದೆ. ಒಬ್ಬರನ್ನು ಹಿಂದಕ್ಕೆ ಕರೆಯಿರಿ, ವೇಗ ಇಳಿಸಿ. ಎಂಜಿನ್‌ನ ಕಾಲಿನ, ಅಂದರೆ ನೀರಿಗೆ ಇಳಿಯುವ ಕೆಳಭಾಗದ, ಅಳತೆಯನ್ನೂ ನೋಡಿ: ಗಿಡ್ಡ ಕಾಲು 15 ಇಂಚಿನದು, ಉದ್ದ ಕಾಲು 20 ಇಂಚಿನದು. ಹಾಯಿದೋಣಿಗೆ ಸಾಮಾನ್ಯವಾಗಿ ಉದ್ದದ್ದೇ ಬೇಕು. ದೊಡ್ಡ ಎಂಜಿನ್ ಹಾಕಿಸುವ ಆಸೆ ಬೇಡ. ನಿಮ್ಮ ದೋಣಿಯ ಒಡಲಿಗೆ ಗಂಟೆಗೆ ಹತ್ತು ಕಿಲೋಮೀಟರ್ ಮೀರುವುದು ಕಷ್ಟ, ಹೆಚ್ಚಿನ ಶಕ್ತಿ ಹಿಂಬದಿಯನ್ನು ನೀರಿಗೆ ಅದುಮುತ್ತದೆ ಅಷ್ಟೆ.

ಕೆಆರ್‌ಎಸ್‌ನಲ್ಲಿ ಇನ್ನೊಂದು ತೊಂದರೆ ಇದೆ. ಜಲಾಶಯದ ಗರಿಷ್ಠ ಮಟ್ಟ 124.80 ಅಡಿ. ಬೇಸಿಗೆಯಲ್ಲಿ ನೀರು ಇಳಿದಂತೆ, ಮಳೆಗಾಲದಲ್ಲಿ ನಿರಾತಂಕವಾಗಿ ದಾಟಿದ ಜಾಗದಲ್ಲೇ ಬಂಡೆ, ಬೊಡ್ಡೆಗಳು ದೋಣಿಯ ತಳಕ್ಕೆ ತಾಗುತ್ತವೆ. ಮೀನುಗಾರರ ಬಲೆಗಳಂತೂ ಇದ್ದೇ ಇರುತ್ತವೆ. ಬಲೆ ಸಿಕ್ಕರೆ ನ್ಯೂಟ್ರಲ್‌ಗೆ ಹಾಕಿದರೆ ಸಾಲದು. ಎಂಜಿನ್ ಆರಿಸಿ, ಕೆಂಪು ಹಗ್ಗ ಕಳಚಿ, ಎಂಜಿನ್ ಮೇಲಕ್ಕೆತ್ತಿ, ನಂತರ ಬಿಡಿಸಿ. ನೀರಿನಲ್ಲಿರುವವರನ್ನು ಹತ್ತಿಸಿಕೊಳ್ಳುವಾಗಲೂ ಎಂಜಿನ್ ಆರಿರಲೇಬೇಕು. ಅನೇಕ ಸಣ್ಣ ಎಂಜಿನ್‌ಗಳಲ್ಲಿ ಪ್ರೊಪೆಲ್ಲರ್‌ಗೆ ಪೆಟ್ಟು ಬಿದ್ದಾಗ ಗೇರ್ ಉಳಿಸಲೆಂದೇ ಮುರಿಯುವ ಪಿನ್ ಒಂದಿರುತ್ತದೆ. ಎರಡು ಬಿಡಿ ಪಿನ್, ಒಂದು ಕಟಿಂಗ್ ಪ್ಲೇಯರ್, ಒಂದು ಜೊತೆ ಹುಟ್ಟು ದೋಣಿಯಲ್ಲಿರಲಿ.

ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಮೋಡ ಕಪ್ಪಾದರೆ ಕಾಯಬೇಡಿ. ಮೊದಲು ಎಂಜಿನ್ ಶುರು ಮಾಡಿ, ದೋಣಿಯ ಮೂತಿಯನ್ನು ಗಾಳಿಗೆ ತಿರುಗಿಸಿ, ಆಮೇಲೆ ಹಾಯಿ ಇಳಿಸಿ. ಹಾಯಿ ಇಳಿಸಿದ ಮೇಲೆ ಎಂಜಿನ್ ಮುನಿಸಿಕೊಂಡರೆ ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಪೆಟ್ರೋಲ್ ಡಬ್ಬವನ್ನು ದಡಕ್ಕಿಳಿಸಿಯೇ ತುಂಬಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಚೆಲ್ಲಿದರೆ ದೋಣಿಯ ತಳದಲ್ಲಿ ಕೂರುತ್ತದೆ. ಈಗ ಬಂಕ್‌ಗಳಲ್ಲಿ ಸಿಗುವುದು ಶೇ 20 ಎಥೆನಾಲ್ ಬೆರೆತದ್ದು. ದೋಣಿ ಎಂಜಿನ್‌ಗಳ ಹಲವು ತಯಾರಕರು ಶೇ 10ರವರೆಗೆ ಮಾತ್ರ ಒಪ್ಪುತ್ತಾರೆ. ಕೈಪಿಡಿ ನೋಡಿ. ಎಥೆನಾಲ್ ತೇವ ಹೀರುವುದರಿಂದ ಎಂಜಿನ್ ಎತ್ತಿಡುವ ಮುನ್ನ ಕಾರ್ಬ್ಯುರೇಟರ್ ಖಾಲಿ ಮಾಡಿ, ಹಳೆಯ ಪೆಟ್ರೋಲನ್ನು ಮುಂದಿನ ತಿಂಗಳಿಗೆ ಉಳಿಸಬೇಡಿ.