ಕುಲುಮೆಯ ಒಳಗನ್ನು ಲೆಕ್ಕದಿಂದ ಕಾಣುವುದು

ಅಮೆರಿಕದ ಇಂಡಿಯಾನಾ ರಾಜ್ಯದ ಹ್ಯಾಮಂಡ್ ಊರಿನಲ್ಲಿ, ಈಗ ಪರ್ಡ್ಯೂ ಯೂನಿವರ್ಸಿಟಿ ನಾರ್ತ್‌ವೆಸ್ಟ್ ಎಂದು ಕರೆಯಲಾಗುವ ವಿಶ್ವವಿದ್ಯಾಲಯದಲ್ಲಿ, 2009ರಲ್ಲಿ ಒಂದು ಸಿಮ್ಯುಲೇಷನ್ ಮತ್ತು ವಿಷುವಲೈಸೇಷನ್ ಕೇಂದ್ರ ಆರಂಭವಾಯಿತು. ಉಕ್ಕು ಕಂಪನಿಗಳು ಅದರ ಜೊತೆ ಸೇರಿ 2016ರಲ್ಲಿ ಒಂದು ಸಂಶೋಧನಾ ಒಕ್ಕೂಟವನ್ನೂ ಕಟ್ಟಿಕೊಂಡವು. ಉಕ್ಕಿನ ಕಾರ್ಖಾನೆಯ ಕುಲುಮೆಯೊಳಗೆ ನಡೆಯುವುದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ (ಸಿಮ್ಯುಲೇಷನ್), ಚಿತ್ರವಾಗಿ ತೋರಿಸುವ (ವಿಷುವಲೈಸೇಷನ್) ಈ ಕೆಲಸದ ಬಗ್ಗೆ ಹಿಂದಿನ ಸಂಚಿಕೆಯ ಟಿಪ್ಪಣಿಯನ್ನು ಓದಿದ ಬೆಂಗಳೂರಿನ ಹಲವರು ಪತ್ರ ಬರೆದಿದ್ದಾರೆ. ಅವುಗಳಲ್ಲಿ ಆಯ್ದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಾನು ಭದ್ರಾವತಿಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ನಮ್ಮ ಕಾಲದ ಹಿರಿಯ ಮೇಸ್ತ್ರಿಗಳು ಕಿಂಡಿಯಲ್ಲಿ ಕಾಣುವ ಬೆಂಕಿಯ ಬಣ್ಣ ಮತ್ತು ಹೊರಗೆ ಹರಿಯುವ ಕಿಟ್ಟದ (ಕರಗಿದ ಕಲ್ಮಶದ) ಲಕ್ಷಣ ನೋಡಿಯೇ ಕುಲುಮೆಯ ಸ್ಥಿತಿ ಹೇಳುತ್ತಿದ್ದರು. ಕಂಪ್ಯೂಟರ್ ಇಲ್ಲದೆ ಇಷ್ಟು ಕಾಲ ನಡೆದ ಉದ್ಯಮಕ್ಕೆ ವಿಶ್ವವಿದ್ಯಾಲಯದವರ ಚಿತ್ರಗಳಿಂದ ಏನು ಪ್ರಯೋಜನ? (ಓದುಗರು, ವಿಜಯನಗರ)

ಉತ್ತರ: 1923ರಲ್ಲಿ ಉತ್ಪಾದನೆ ಆರಂಭಿಸಿ, ಕೋಕ್ (ಗಾಳಿಯಿಲ್ಲದೆ ಕಾಯಿಸಿ ಸಂಸ್ಕರಿಸಿದ ಕಲ್ಲಿದ್ದಲು) ಬದಲು ಮಲೆನಾಡಿನ ಕಟ್ಟಿಗೆಯ ಇದ್ದಿಲಿನಿಂದಲೇ ಕೆಮ್ಮಣ್ಣುಗುಂಡಿಯ ಅದಿರನ್ನು ಕರಗಿಸಿದ ಊರಿನ ಅನುಭವವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಮೇಸ್ತ್ರಿಯ ಕಣ್ಣಿಗೆ ಬೀಳುತ್ತಿದ್ದದ್ದು ಎಷ್ಟು ಎಂಬುದನ್ನೂ ಯೋಚಿಸಬೇಕು. ಊದುಕುಲುಮೆಯ (ಬ್ಲಾಸ್ಟ್ ಫರ್ನೇಸ್) ಬಾಯಿಂದ ಹಾಕಿದ ಅದಿರು ಮತ್ತು ಕೋಕ್ ಕೆಳಗಿಳಿಯಲು ಆರೆಂಟು ಗಂಟೆ ಬೇಕಾಗುತ್ತದೆ. ತಳದಿಂದ ಊದಿದ ಅನಿಲ ಅದೇ ರಾಶಿಯ ಸಂದುಗಳಲ್ಲಿ ನುಸುಳಿ ಕೆಲವೇ ಸೆಕೆಂಡುಗಳಲ್ಲಿ ಮೇಲಕ್ಕೆ ಬರುತ್ತದೆ. ಇಂದು ಹರಿಯುವ ಕಿಟ್ಟ ಹೇಳುವುದು ಗಂಟೆಗಳ ಹಿಂದೆ ಮೇಲೆ ನಡೆದ ಸಂಗತಿಯನ್ನು. ಕಿಂಡಿಯಲ್ಲಿ ಕಾಣುವುದು ಗಾಳಿಕೊಳವೆಯ ಮುಂದಿನ ಅಂಗೈಯಗಲ ಜಾಗ ಮಾತ್ರ. ನಡುವಿನ ಇಪ್ಪತ್ತು ಮೂವತ್ತು ಮೀಟರ್ ಎತ್ತರದ ಭಾಗ ಎಲ್ಲರಿಗೂ ಅಗೋಚರವೇ ಆಗಿತ್ತು.

ಆ ಭಾಗವನ್ನು ನೋಡಲೇಬೇಕೆಂದು ಜಪಾನಿನವರು 1960ರ ದಶಕದ ಕೊನೆಯಿಂದ 1970ರ ದಶಕದವರೆಗೆ ಮಾಡಿದ ಸಾಹಸ ಉಕ್ಕಿನ ಇತಿಹಾಸದಲ್ಲಿ ಪ್ರಸಿದ್ಧವಾಗಿದೆ. ಆಯುಷ್ಯ ಮುಗಿಯುತ್ತಿದ್ದ ಕುಲುಮೆಗಳನ್ನು ಉರಿಯುತ್ತಿರುವಾಗಲೇ ನಿಲ್ಲಿಸಿ, ಒಳಗಿನ ರಾಶಿ ಇದ್ದಂತೆಯೇ ತಣಿಯುವ ಹಾಗೆ ಮಾಡಿ, ಪುರಾತತ್ತ್ವ ಶಾಸ್ತ್ರಜ್ಞರು ನೆಲ ಅಗೆಯುವಂತೆ ಪದರ ಪದರವಾಗಿ ಬಿಚ್ಚಿ ನೋಡಿದರು. ಅದಿರು ಮೆದುವಾಗಿ, ಒಂದಕ್ಕೊಂದು ಅಂಟಿಕೊಂಡು, ಅನಿಲದ ದಾರಿಯನ್ನು ಕಟ್ಟಿಹಾಕುವ ವಲಯವೊಂದು ಕುಲುಮೆಯ ಹೊಟ್ಟೆಯಲ್ಲಿದೆ ಎಂಬುದು ಆಗ ಸ್ಪಷ್ಟವಾಗಿ ಕಂಡಿತು. ಮುಂದೆ ಅದೇ ದೇಶದವರು ಆಕಾಶದಿಂದ ಸುರಿದು ದಪ್ಪ ವಸ್ತುಗಳನ್ನೂ ತೂರಿಹೋಗುವ ಮ್ಯುಆನ್ ಎಂಬ ಸೂಕ್ಷ್ಮ ಕಣಗಳನ್ನು ಹಿಡಿದು ಕುಲುಮೆಯ ನೆರಳುಚಿತ್ರ ತೆಗೆಯುವ ಪ್ರಯೋಗವನ್ನೂ ಮಾಡಿದರು. ಕೋಲಾರದ ಚಿನ್ನದ ಗಣಿಯ ಆಳದಲ್ಲಿ ನಮ್ಮ ವಿಜ್ಞಾನಿಗಳು ವರ್ಷಗಟ್ಟಲೆ ಎಣಿಸಿದ್ದು ಇದೇ ಕಣಗಳನ್ನು ಎಂಬುದನ್ನು ಸಂದರ್ಭ ಬಂದಿರುವುದರಿಂದ ಇಲ್ಲಿ ನೆನೆಯಬಹುದು.

ಹೀಗೆ ಬಿಚ್ಚಿ ನೋಡಿದ ಕುಲುಮೆ ಮತ್ತೆ ಕೆಲಸಕ್ಕೆ ಬರುವುದಿಲ್ಲ. ದಿನಕ್ಕೆ ಸಾವಿರಾರು ಟನ್ ಕಬ್ಬಿಣ ಕೊಡುವ, ಒಮ್ಮೆ ಹೊತ್ತಿಸಿದರೆ ಹದಿನೈದು ಇಪ್ಪತ್ತು ವರ್ಷ ಉರಿಯಬೇಕಾದ ಘಟಕದ ಮೇಲೆ 'ಹೀಗೆ ಮಾಡಿದರೆ ಏನಾಗುತ್ತದೆ ನೋಡೋಣ' ಎಂದು ಪ್ರಯೋಗ ನಡೆಸುವ ಧೈರ್ಯ ಯಾವ ವ್ಯವಸ್ಥಾಪಕನಿಗೂ ಇರುವುದಿಲ್ಲ, ಇರಬಾರದು ಕೂಡ. ಆ ಪ್ರಯೋಗವನ್ನು ಲೆಕ್ಕದಲ್ಲಿ ಮಾಡಿ, ಕೈಬಿಡಬೇಕಾದ ದಾರಿಗಳನ್ನು ಮೊದಲೇ ಕೈಬಿಡುವುದೇ ಸಿಮ್ಯುಲೇಷನ್ನಿನ ಮುಖ್ಯ ಪ್ರಯೋಜನ.

ಇದಕ್ಕೆ ವಿಶ್ವವಿದ್ಯಾಲಯವೇ ಏಕೆ ಬೇಕು ಎಂಬುದಕ್ಕೆ ಹ್ಯಾಮಂಡ್ ಇರುವ ಜಾಗವೇ ಅರ್ಧ ಉತ್ತರ ಕೊಡುತ್ತದೆ. ಮಿಷಿಗನ್ ಸರೋವರದ ದಕ್ಷಿಣ ದಂಡೆಯ ಆ ಪ್ರದೇಶದಲ್ಲಿ ಗ್ಯಾರಿ, ಈಸ್ಟ್ ಷಿಕಾಗೊ, ಬರ್ನ್ಸ್ ಹಾರ್ಬರ್‌ಗಳ ಕಾರ್ಖಾನೆಗಳು ಸಾಲಾಗಿ ನಿಂತಿವೆ; ಗ್ಯಾರಿ ಎಂಬ ಊರು 1906ರಲ್ಲಿ ಹುಟ್ಟಿದ್ದೇ ಉಕ್ಕಿನ ಕಾರ್ಖಾನೆಗಾಗಿ. ಮಾರುಕಟ್ಟೆಯಲ್ಲಿ ಪೈಪೋಟಿ ನಡೆಸುವ ಕಂಪನಿಗಳಿಗೂ ಕುಲುಮೆಯೊಳಗಿನ ತೊಂದರೆಗಳು ಸಮಾನವಾಗಿರುತ್ತವೆ. ಪ್ರತಿಯೊಬ್ಬರೂ ಬೇರೆ ಬೇರೆಯಾಗಿ ಅದೇ ಮಾದರಿಯನ್ನು ಕಟ್ಟುವ ಬದಲು ಚಂದಾ ಹಾಕಿ ಒಂದೆಡೆ ಕಟ್ಟಿಸಿ, ಫಲಿತಾಂಶವನ್ನು ಹಂಚಿಕೊಳ್ಳುವುದು ಎಲ್ಲರಿಗೂ ಅಗ್ಗ. ಅಲ್ಲಿ ಕೆಲಸ ಕಲಿತ ವಿದ್ಯಾರ್ಥಿಗಳು ನಾಳೆ ಅದೇ ಕಾರ್ಖಾನೆಗಳಿಗೆ ಎಂಜಿನಿಯರುಗಳಾಗಿ ಸಿಗುತ್ತಾರೆ. ಕಂಪನಿಗಳಿಗೆ ಸಿಮ್ಯುಲೇಷನ್ನಿಗಿಂತ ಈ ಎರಡನೆಯ ಲಾಭವೇ ದೊಡ್ಡದಾಗಿರಬಹುದು ಎಂಬುದು ಈ ಅಂಕಣಕಾರನ ಅನಿಸಿಕೆ.

ಪ್ರಶ್ನೆ: ಮೆಕ್ಯಾನಿಕಲ್ ಎಂಜಿನಿಯರಿಂಗ್ ಮೂರನೆಯ ವರ್ಷದಲ್ಲಿ ಓದುತ್ತಿದ್ದೇನೆ. ಕುಲುಮೆಯನ್ನು ಕಂಪ್ಯೂಟರಿನಲ್ಲಿ ಹೇಗೆ ಲೆಕ್ಕ ಹಾಕುತ್ತಾರೆ? ಇಂಥ ಸಂಶೋಧನೆ ನಮ್ಮ ಊರಿನಲ್ಲಿ ನಡೆದಿದೆಯೇ? (ವಿದ್ಯಾರ್ಥಿನಿ, ಕೆಂಗೇರಿ)

ಉತ್ತರ: ಕುಲುಮೆಯ ಒಳಜಾಗವನ್ನು ಲಕ್ಷಗಟ್ಟಲೆ, ಕೆಲವೊಮ್ಮೆ ಕೋಟಿಗಟ್ಟಲೆ ಸಣ್ಣ ಕೋಶಗಳಾಗಿ ವಿಂಗಡಿಸುತ್ತಾರೆ. ಪ್ರತಿ ಕೋಶಕ್ಕೂ ದ್ರವ್ಯ, ಸಂವೇಗ, ಶಾಖ ಮತ್ತು ಪ್ರತಿ ರಾಸಾಯನಿಕ ಘಟಕ ಎಷ್ಟು ಒಳಬಂತು, ಎಷ್ಟು ಹೊರಹೋಯಿತು, ಎಷ್ಟು ಹುಟ್ಟಿತು ಎಂಬ ಜಮಾಖರ್ಚನ್ನು ಬರೆದು, ಎಲ್ಲ ಕೋಶಗಳ ಲೆಕ್ಕವೂ ಒಟ್ಟಿಗೆ ಸರಿಹೊಂದುವವರೆಗೆ ಮತ್ತೆ ಮತ್ತೆ ಬಿಡಿಸುತ್ತಾರೆ. ನೀವು ದ್ರವಚಲನೆಯ ಪಾಠದಲ್ಲಿ ಓದಿರುವ ನೇವಿಯರ್–ಸ್ಟೋಕ್ಸ್ ಸಮೀಕರಣಗಳೇ ಇಲ್ಲಿಯೂ ಮೂಲ. ತತ್ತ್ವ ಸರಳವಾಗಿದೆ, ಕಷ್ಟವಿರುವುದು ಒಂದೇ ಕುಲುಮೆಯಲ್ಲಿ ಅನಿಲ, ಪುಡಿ, ಗಟ್ಟಿ ಮತ್ತು ದ್ರವ ಈ ನಾಲ್ಕೂ ಬೇರೆ ಬೇರೆ ವೇಗದಲ್ಲಿ, ಬೇರೆ ಬೇರೆ ದಿಕ್ಕಿನಲ್ಲಿ ಚಲಿಸುತ್ತವೆ ಎಂಬುದರಲ್ಲಿ.

ಅತ್ಯಂತ ಕಠಿಣವಾದ ಜಾಗ ರೇಸ್‌ವೇ. ತಳದ ಟುಯೇರ್ ಕೊಳವೆಗಳಿಂದ 1000ದಿಂದ 1200 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದ ಗಾಳಿ ಸೆಕೆಂಡಿಗೆ ಸುಮಾರು 200 ಮೀಟರ್ ವೇಗದಲ್ಲಿ ನುಗ್ಗಿ, ಕೋಕ್ ರಾಶಿಯನ್ನು ತಳ್ಳಿ, ಮೀಟರಿಗಿಂತ ಸ್ವಲ್ಪ ಹೆಚ್ಚು ಆಳದ ಪೊಳ್ಳೊಂದನ್ನು ಕೊರೆಯುತ್ತದೆ; ಆ ಪೊಳ್ಳೇ ರೇಸ್‌ವೇ. ಅದರೊಳಗೆ ಕೋಕ್ ತುಂಡುಗಳು ಉರಿಯುತ್ತಲೇ ಗಿರಗಿರನೆ ಸುತ್ತುತ್ತವೆ. ಅಲ್ಲಿನ ಜ್ವಾಲೆಯ ಉಷ್ಣತೆ 2000 ಡಿಗ್ರಿಯನ್ನು ಮೀರುತ್ತದೆ. ದುಬಾರಿ ಕೋಕನ್ನು ಉಳಿಸಲು ಇದೇ ಕೊಳವೆಯಿಂದ ಕಲ್ಲಿದ್ದಲ ಪುಡಿಯನ್ನೂ ಊದುತ್ತಾರೆ. ಚೆನ್ನಾಗಿ ನಡೆಯುವ ಕುಲುಮೆಗಳಲ್ಲಿ ಒಂದು ಟನ್ ಕಬ್ಬಿಣಕ್ಕೆ 150ರಿಂದ 200 ಕಿಲೋ ಪುಡಿ ಹೋಗುತ್ತದೆ. ಪೊಳ್ಳಿನಲ್ಲಿ ಆ ಪುಡಿಗೆ ಸಿಗುವ ಸಮಯ ಸೆಕೆಂಡಿನ ನೂರರಲ್ಲಿ ಕೆಲವೇ ಪಾಲು. ಅಷ್ಟರಲ್ಲಿ ಉರಿದು ಮುಗಿಯದ ಪುಡಿ ಮೇಲಿನ ರಾಶಿಯ ಸಂದುಗಳಿಗೆ ಹೋಗಿ ಕಟ್ಟಿಕೊಳ್ಳುತ್ತದೆ. ಪುಡಿಯ ಕೊಳವೆಯನ್ನು ಯಾವ ಕೋನದಲ್ಲಿಡಬೇಕು, ಆಮ್ಲಜನಕವನ್ನು ಎಷ್ಟು ಸೇರಿಸಬೇಕು ಎಂಬಂಥ ಪ್ರಶ್ನೆಗಳಿಗೆ ಹ್ಯಾಮಂಡಿನಂಥ ಕೇಂದ್ರಗಳು ಉತ್ತರ ಹುಡುಕುವುದು ಇದರಿಂದಾಗಿ. ಕೋಕಿಂಗ್ ಕಲ್ಲಿದ್ದಲಿನ ಬಹುಪಾಲನ್ನು ಹೊರದೇಶಗಳಿಂದ ತರಿಸುವ ಭಾರತಕ್ಕೂ ಇದು ನೇರವಾಗಿ ಹಣದ ವಿಚಾರವೇ.

ನಮ್ಮ ಊರಿನಲ್ಲಿಯೂ ಈ ಪೊಳ್ಳಿನ ಮೇಲೆ ಮಹತ್ವದ ಕೆಲಸ ನಡೆದಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಲೋಹಶಾಸ್ತ್ರ ವಿಭಾಗದ, ಅಂದರೆ ಇಂದಿನ ಮೆಟೀರಿಯಲ್ಸ್ ಎಂಜಿನಿಯರಿಂಗ್ ವಿಭಾಗದ ಸಂಶೋಧಕರು ರೇಸ್‌ವೇ ಗಾತ್ರವನ್ನು ಪ್ರಯೋಗ ಮತ್ತು ಗಣಿತ ಎರಡರಿಂದಲೂ ಪರಿಶೀಲಿಸಿದ್ದಾರೆ. ಗಾಳಿಯ ವೇಗವನ್ನು ಏರಿಸುತ್ತ ಹೋಗುವಾಗ ಒಂದು ವೇಗದಲ್ಲಿ ಪೊಳ್ಳು ಎಷ್ಟು ದೊಡ್ಡದಿರುತ್ತದೆಯೋ, ಇಳಿಸುತ್ತ ಬರುವಾಗ ಅದೇ ವೇಗದಲ್ಲಿ ಅದಕ್ಕಿಂತ ದೊಡ್ಡದಾಗಿರುತ್ತದೆ. ತುಂಡುಗಳ ನಡುವಿನ ಮತ್ತು ಗೋಡೆಯ ಘರ್ಷಣೆಯು ರಾಶಿ ಚಲಿಸುವ ದಿಕ್ಕಿಗೆ ತಕ್ಕಂತೆ ತಾನೂ ದಿಕ್ಕು ಬದಲಿಸುವುದು ಇದಕ್ಕೆ ಕಾರಣ. ಈ ಘರ್ಷಣೆಯನ್ನು ಬಿಟ್ಟು ಮಾಡಿದ ಲೆಕ್ಕ ಎಷ್ಟೇ ದೊಡ್ಡ ಕಂಪ್ಯೂಟರಿನಲ್ಲಿ ಓಡಿದರೂ ತಪ್ಪು ಗಾತ್ರವನ್ನೇ ಕೊಡುತ್ತದೆ. ದೊಡ್ಡ ಕಂಪ್ಯೂಟರಿಗೇನೂ ಇಲ್ಲಿ ಕೊರತೆಯಿಲ್ಲ. 2022ರಲ್ಲಿ ಅದೇ ಸಂಸ್ಥೆಯಲ್ಲಿ ಸ್ಥಾಪಿತವಾದ ಪರಮ್ ಪ್ರವೇಗ ಎಂಬ ಸೂಪರ್‌ಕಂಪ್ಯೂಟರಿನ ಸಾಮರ್ಥ್ಯ 3.3 ಪೆಟಾಫ್ಲಾಪ್, ಅಂದರೆ ಸೆಕೆಂಡಿಗೆ ಸುಮಾರು 33 ಕೋಟಿ ಕೋಟಿ ಲೆಕ್ಕಗಳು.

ಪ್ರಶ್ನೆ: ಕೆಂಪು, ಹಳದಿ, ನೀಲಿ ಬಣ್ಣಗಳ ಚಿತ್ರ ನೋಡಿದರೆ ಎಲ್ಲವೂ ನಿಜವೆಂದೇ ತೋರುತ್ತದೆ. ಯಾರೂ ಒಳಗೆ ಹೋಗಿ ನೋಡದಿರುವಾಗ ಅದನ್ನು ನಂಬುವುದು ಹೇಗೆ? (ನಿವೃತ್ತ ಶಿಕ್ಷಕರು, ಬಸವನಗುಡಿ)

ಉತ್ತರ: ಚಿತ್ರವನ್ನು ಮಾತ್ರ ನೋಡಿ ನಂಬಬಾರದು. ತಪ್ಪು ಲೆಕ್ಕದ ಚಿತ್ರವೂ ಸರಿಯಾದ ಲೆಕ್ಕದ ಚಿತ್ರದಷ್ಟೇ ಸುಂದರವಾಗಿರುತ್ತದೆ. ಚಿತ್ರದ ಪಕ್ಕದಲ್ಲಿ ಅಳತೆಯ ಅಂಕಿ ಇದೆಯೇ ಎಂದು ಕೇಳುವುದು ಓದುಗನ ಹಕ್ಕು.

ಅಳತೆ ಹಲವು ದಾರಿಗಳಿಂದ ಬರುತ್ತದೆ. ಕುಲುಮೆಯ ತಳದ ಇಟ್ಟಿಗೆಗಳಲ್ಲಿ ಉಷ್ಣಮಾಪಕಗಳನ್ನು ಹೂಳಿರುತ್ತಾರೆ. ಆ ಕೆಲವು ಬಿಂದುಗಳ ಉಷ್ಣತೆಯಿಂದ ಹಿಂದಕ್ಕೆ ಲೆಕ್ಕ ಹಾಕಿ 1150 ಡಿಗ್ರಿಯ ರೇಖೆ ಎಲ್ಲಿದೆ ಎಂದು ಗುರುತಿಸುತ್ತಾರೆ. ಇಂಗಾಲ ತುಂಬಿದ ಕಬ್ಬಿಣ ಗಟ್ಟಿಯಾಗುವುದು ಸರಿಸುಮಾರು ಆ ಉಷ್ಣತೆಯಲ್ಲಿ. ರೇಖೆ ಹೊರಗೋಡೆಯತ್ತ ಸರಿಯುತ್ತಿದ್ದರೆ ಇಟ್ಟಿಗೆ ಸವೆಯುತ್ತಿದೆ ಎಂದರ್ಥ. ಕುಲುಮೆಯನ್ನು ಹೊಸ ಇಟ್ಟಿಗೆ ಕಟ್ಟಲು ನಿಲ್ಲಿಸಿದಾಗ ಉಳಿದ ದಪ್ಪವನ್ನು ನೇರವಾಗಿ ಅಳೆದು, ಲೆಕ್ಕ ಸರಿಯಿತ್ತೇ ಎಂದು ನೋಡಬಹುದು.

ಇನ್ನೊಂದು ದಾರಿ ನೀರಿನದು. 20 ಡಿಗ್ರಿಯ ನೀರಿನ ಚಲನ ಸ್ನಿಗ್ಧತೆಯೂ (ಸಾಂದ್ರತೆಗೆ ಹೋಲಿಸಿದಾಗ ಹರಿವಿಗಿರುವ ಒಳತಡೆ) 1600 ಡಿಗ್ರಿಯ ದ್ರವ ಉಕ್ಕಿನದೂ ಹೆಚ್ಚುಕಡಿಮೆ ಒಂದೇ ಎಂಬುದು ಪ್ರಕೃತಿ ಈ ಸಂಶೋಧಕರಿಗೆ ಕೊಟ್ಟ ಬಳುವಳಿ. ನಿರಂತರ ಎರಕದ ಯಂತ್ರದಲ್ಲಿ ಉಕ್ಕು ತಾಮ್ರದ ಅಚ್ಚಿಗೆ ಹೇಗೆ ಸುರಿಯುತ್ತದೆ, ಎಲ್ಲಿ ಸುಳಿಗಟ್ಟುತ್ತದೆ ಎಂಬುದನ್ನು ಪಾರದರ್ಶಕ ಪ್ಲಾಸ್ಟಿಕ್ಕಿನ ತೊಟ್ಟಿಯಲ್ಲಿ ನೀರು ಹರಿಸಿ ಕಣ್ಣಾರೆ ಕಾಣಬಹುದು, ಕಂಪ್ಯೂಟರಿನ ಸುಳಿಯೊಡನೆ ಹೋಲಿಸಬಹುದು. ಇದಕ್ಕೂ ಮಿತಿಯಿದೆ. ತೊಟ್ಟಿಯ ನೀರು ಅಚ್ಚಿನ ಗೋಡೆಗೆ ಹೆಪ್ಪುಗಟ್ಟುವುದಿಲ್ಲ; ಉಕ್ಕಿನ ಮೇಲ್ಮೈ ಎಳೆತ ನೀರಿನದಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು. ಹೀಗಾಗಿ ಗುಳ್ಳೆಗಳು ಒಡೆಯುವ ಬಗೆ, ಮೇಲೆ ತೇಲುವ ಕಿಟ್ಟ ಉಕ್ಕಿನೊಳಗೆ ಸೆಳೆದುಹೋಗುವ ಬಗೆ ನೀರಿನಲ್ಲಿ ನಿಜರೂಪದಲ್ಲಿ ಕಾಣುವುದಿಲ್ಲ, ಮತ್ತು ಉಕ್ಕಿನ ಹಲಗೆಯಲ್ಲಿ ದೋಷ ಹುಟ್ಟುವುದು ಅನೇಕ ಸಲ ಅಲ್ಲಿಯೇ.

ಹಾಗಾದರೆ ಬಣ್ಣದ ಚಿತ್ರಕ್ಕೆ ಬೆಲೆಯಿಲ್ಲವೇ? ಇದೆ. ಅಂಕಿಗಳ ಉದ್ದ ಪಟ್ಟಿಯನ್ನು ಕುಲುಮೆಯ ಪಾಳಿ ಮೇಲ್ವಿಚಾರಕರ ಮುಂದಿಟ್ಟರೆ ಅವರು ಸುಮ್ಮನೆ ತಲೆಯಾಡಿಸಬಹುದು. ಚಿತ್ರ ತೋರಿಸಿದರೆ 'ಇಲ್ಲಿ ಹೀಗಾಗುವುದಿಲ್ಲ, ಆ ಕಡೆಯ ಗೋಡೆ ಯಾವಾಗಲೂ ಬಿಸಿ' ಎಂದು ಬೆರಳಿಟ್ಟು ಹೇಳುತ್ತಾರೆ. ವಿಜಯನಗರದ ಓದುಗರು ನೆನೆದ ಮೇಸ್ತ್ರಿಯ ಅನುಭವ ಲೆಕ್ಕದೊಳಗೆ ಪ್ರವೇಶಿಸುವುದು ಆ ಕ್ಷಣದಲ್ಲಿ. ವಿಷುವಲೈಸೇಷನ್ನಿಗೆ ಇದಕ್ಕಿಂತ ಒಳ್ಳೆಯ ಸಮರ್ಥನೆ ನನಗೆ ತೋಚುವುದಿಲ್ಲ.

ಪ್ರಶ್ನೆ: ಕಲ್ಲಿದ್ದಲಿನ ಬದಲು ಹೈಡ್ರೋಜನ್ ಊದುತ್ತಾರಂತೆ. ಅದಕ್ಕೆ ಸಿಮ್ಯುಲೇಷನ್ ಏಕೆ ಬೇಕು, ಊದಿ ನೋಡಿದರಾಯಿತಲ್ಲ? (ಓದುಗರು, ಜಯನಗರ)

ಉತ್ತರ: ಊದಿ ನೋಡಿದ್ದೂ ಉಂಟು. ಜರ್ಮನಿಯ ಡ್ಯೂಸ್‌ಬರ್ಗ್‌ನಲ್ಲಿ 2019ರಲ್ಲಿ, ನಮ್ಮ ಜಮ್‌ಶೆಡ್‌ಪುರದಲ್ಲಿ 2023ರಲ್ಲಿ ಚಾಲ್ತಿಯಲ್ಲಿದ್ದ ಊದುಕುಲುಮೆಗಳಿಗೆ ಹೈಡ್ರೋಜನ್ ಊದುವ ಪರೀಕ್ಷೆಗಳು ಆರಂಭವಾದವು. ಆದರೆ ಊದುವ ಪ್ರಮಾಣವನ್ನು ಏರಿಸಿದಂತೆ ಒಂದು ತೊಡಕು ಎದುರಾಗುತ್ತದೆ. ಕೋಕ್ ಉರಿದಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡ್ ಅದಿರಿನಿಂದ ಆಮ್ಲಜನಕವನ್ನು ಕೀಳುವಾಗ ಒಟ್ಟಾರೆಯಾಗಿ ಸ್ವಲ್ಪ ಶಾಖ ಹೊರಬರುತ್ತದೆ. ಹೈಡ್ರೋಜನ್ ಅದೇ ಕೆಲಸ ಮಾಡುವಾಗ ಶಾಖವನ್ನು ಹೀರಿಕೊಳ್ಳುತ್ತದೆ. ಕುಲುಮೆಯ ನಡುಭಾಗ ತಣ್ಣಗಾದರೆ ಅದಿರು ಅಂಟುವ ವಲಯ ಸ್ಥಳ ಬದಲಿಸುತ್ತದೆ, ಅನಿಲದ ದಾರಿ ಬದಲಾಗುತ್ತದೆ, ಕೋಕ್ ಎಷ್ಟು ಉಳಿಯಿತು ಎಂಬ ಲೆಕ್ಕವೇ ತಲೆಕೆಳಗಾಗಬಹುದು. ಕೋಕ್ ಕೇವಲ ಇಂಧನವಲ್ಲ, ಮೇಲಿನ ರಾಶಿಯನ್ನು ಹೊತ್ತು ಅನಿಲಕ್ಕೆ ಸಂದು ಬಿಡುವ ಆಧಾರವೂ ಹೌದಾದ್ದರಿಂದ ಅದನ್ನು ಪೂರ್ತಿಯಾಗಿ ತೆಗೆದುಹಾಕುವಂತೆಯೂ ಇಲ್ಲ. ಎಷ್ಟು ಊದಬಹುದು, ಎಷ್ಟು ಕಾಯಿಸಿ ಊದಬೇಕು, ಕೆಳಗಿನ ಕೊಳವೆಯಿಂದಲೋ ನಡುಮಟ್ಟದಿಂದಲೋ ಎಂಬ ಆಯ್ಕೆಗಳನ್ನೆಲ್ಲ ಒಂದೊಂದಾಗಿ ನಿಜವಾದ ಕುಲುಮೆಯಲ್ಲಿ ಪರೀಕ್ಷಿಸಲು ಒಂದು ತಲೆಮಾರು ಸಾಲದು.

ಪ್ರಶ್ನೆ: ಕಣ್ಣಿಗೆ ಕಟ್ಟಿಕೊಳ್ಳುವ ವಿಆರ್ (ವರ್ಚುವಲ್ ರಿಯಾಲಿಟಿ) ಸಾಧನ ಉಕ್ಕಿನ ಕೆಲಸಗಾರರಿಗೆ ಉಪಯೋಗವೇ, ಬರೀ ಪ್ರದರ್ಶನವೇ? (ಓದುಗರು, ಜಾಲಹಳ್ಳಿ)

ಉತ್ತರ: ಸುರಕ್ಷತೆಯ ತರಬೇತಿಗೆ ಉಪಯೋಗವಿದೆ. ಕರಗಿದ ಲೋಹಕ್ಕೆ ನೀರು ತಾಗಿದರೆ ಏನಾಗುತ್ತದೆ, ಎತ್ತರದಲ್ಲಿ ಕೊಂಡಿ ಹಾಕಿಕೊಳ್ಳದೆ ನಡೆದರೆ ಏನಾಗುತ್ತದೆ ಎಂಬುದನ್ನು ನಿಜವಾಗಿ ತೋರಿಸಿ ಕಲಿಸುವಂತಿಲ್ಲ. ಹ್ಯಾಮಂಡಿನ ಕೇಂದ್ರವೂ ಇಂಥ ತರಬೇತಿ ತಂತ್ರಾಂಶಗಳನ್ನು ರೂಪಿಸಿದೆ. ಆದರೆ ಬಳ್ಳಾರಿ ಸೀಮೆಯ ಕಾರ್ಖಾನೆಗೆ ಅದು ಬರಬೇಕಾದರೆ ಅಲ್ಲಿನ ಗುತ್ತಿಗೆ ಕಾರ್ಮಿಕನಿಗೆ ತಿಳಿಯುವ ಕನ್ನಡದಲ್ಲಿ, ತೆಲುಗಿನಲ್ಲಿ, ಹಿಂದಿಯಲ್ಲಿ ಮಾತನಾಡಬೇಕು. ಇಂಗ್ಲಿಷಿನಲ್ಲಿ ಎಚ್ಚರಿಸುವ ಸಾಧನ ಪ್ರದರ್ಶನವಾಗಿಯೇ ಉಳಿಯುತ್ತದೆ.

ಪ್ರಶ್ನೆ: ಪೀಣ್ಯದಲ್ಲಿ ಸಣ್ಣ ಫೌಂಡ್ರಿ ನಡೆಸುತ್ತೇನೆ. ಇವೆಲ್ಲ ದೊಡ್ಡ ಕಂಪನಿಗಳಿಗೆ ಮಾತ್ರವೇ? (ಉದ್ಯಮಿ, ಪೀಣ್ಯ)

ಉತ್ತರ: ಊದುಕುಲುಮೆಯ ಮಾದರಿಗಳು ನಿಮಗೆ ಬೇಕಿಲ್ಲ. ಎರಕದ ಸಿಮ್ಯುಲೇಷನ್ ಖಂಡಿತ ಬೇಕು. ಉಕ್ಕು ಗಟ್ಟಿಯಾಗುವಾಗ ಅದರ ಗಾತ್ರ ಸುಮಾರು ಶೇಕಡ 3ರಷ್ಟು ಕುಗ್ಗುತ್ತದೆ. ಕೊನೆಗೆ ಗಟ್ಟಿಯಾಗುವ ಜಾಗಕ್ಕೆ ರೈಸರಿನಿಂದ (ಅಚ್ಚಿನಲ್ಲಿ ಹೆಚ್ಚುವರಿ ದ್ರವಲೋಹ ನಿಲ್ಲುವ ಭಾಗ) ದ್ರವಲೋಹ ತಲುಪದಿದ್ದರೆ ಒಳಗೆ ಪೊಳ್ಳು ಉಳಿಯುತ್ತದೆ. ಯಾವ ಭಾಗ ಕೊನೆಗೆ ಗಟ್ಟಿಯಾಗುತ್ತದೆ ಎಂಬುದನ್ನು ಅಂದಾಜಿಸಲು 1940ರಲ್ಲಿ ಕ್ವೊರಿನೋವ್ ಎಂಬ ಎಂಜಿನಿಯರ್ ಕೊಟ್ಟ ಸೂತ್ರ ಇಂದಿಗೂ ಮೊದಲ ಮೆಟ್ಟಿಲು: ಗಟ್ಟಿಯಾಗುವ ಸಮಯವು, ಆ ಭಾಗದ ಘನಗಾತ್ರವನ್ನು ತಣಿಯುವ ಮೇಲ್ಮೈಯಿಂದ ಭಾಗಿಸಿ ಬಂದ ಸಂಖ್ಯೆಯ ವರ್ಗಕ್ಕೆ ಅನುಗುಣವಾಗಿರುತ್ತದೆ. ಸರಳ ಆಕಾರದ ಎರಕಕ್ಕೆ ಕಾಗದ, ಪೆನ್ಸಿಲ್ ಸಾಕು. ಪಂಪಿನ ಕವಚದಂಥ ತೊಡಕಿನ ಆಕಾರಕ್ಕೆ ಮಾತ್ರ ತಂತ್ರಾಂಶ ಬೇಕಾಗುತ್ತದೆ. ಸಣ್ಣ ಫೌಂಡ್ರಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಐಐಟಿ ಬಾಂಬೆಯವರು ಇ-ಫೌಂಡ್ರಿ ಎಂಬ ಆನ್‌ಲೈನ್ ಕಲಿಕೆಯ ತಾಣವನ್ನು ರೂಪಿಸಿದ್ದಾರೆ. 2004ರಿಂದ ಉಚಿತವಾಗಿ ದೊರೆಯುತ್ತಿರುವ, ದ್ರವಚಲನೆಯ ಲೆಕ್ಕ ಹಾಕುವ ಓಪನ್‌ಫೋಮ್ ತಂತ್ರಾಂಶ ಕೂಡ ಇದೆ, ಆದರೆ ಅದನ್ನು ಪಳಗಿಸಲು ತಾಳ್ಮೆಯುಳ್ಳ ಎಂಜಿನಿಯರ್ ಬೇಕು.

ನೀವು ಮೊದಲು ಮಾಡಬೇಕಾದದ್ದು ತಂತ್ರಾಂಶ ಕೊಳ್ಳುವುದಲ್ಲ. ತಿರಸ್ಕೃತವಾದ ಪ್ರತಿ ಎರಕದ ದೋಷ ಎಲ್ಲಿತ್ತು, ಸುರಿಯುವಾಗ ಲೋಹ ಎಷ್ಟು ಬಿಸಿಯಿತ್ತು, ಮರಳಿನ ತೇವ ಎಷ್ಟಿತ್ತು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಕೆಂಗೇರಿಯ ವಿದ್ಯಾರ್ಥಿನಿಯಂಥವರು ಅಂತಿಮ ವರ್ಷದ ಪ್ರಾಜೆಕ್ಟಿಗೆ ನಿಜವಾದ ಸಮಸ್ಯೆ ಹುಡುಕುತ್ತಿರುತ್ತಾರೆ. ಅಂಥ ಪುಸ್ತಕ ಹಿಡಿದು ಹತ್ತಿರದ ಎಂಜಿನಿಯರಿಂಗ್ ಕಾಲೇಜಿನ ಮೆಕ್ಯಾನಿಕಲ್ ವಿಭಾಗಕ್ಕೆ ಹೋದರೆ, ಲೆಕ್ಕ ಹಾಕುವವರಿಗೆ ತಮ್ಮ ಉತ್ತರವನ್ನು ಹೋಲಿಸಿ ನೋಡಲು ಬೇಕಾದ ಅಳತೆ ನಿಮ್ಮ ಕೈಯಲ್ಲೇ ಇರುತ್ತದೆ.