ಕಣ್ಣಿಗೆ ಹನಿ ಹಾಕದೆ ತೆಗೆದ ರೆಟಿನಾ ಫೋಟೊ: ‘ನಾರ್ಮಲ್’ ಎಂದರೆ ಏನು?

ಪ್ರಶ್ನೆ: ಅಪ್ಪನಿಗೆ 58 ವರ್ಷ, ಶುಗರ್ ಬಂದು 12 ವರ್ಷವಾಯಿತು. ಶಿಬಿರದಲ್ಲಿ ಪಾಪೆ ಹಿಗ್ಗಿಸುವ ಹನಿ ಹಾಕದೆ, ಹಲವು ಬಣ್ಣದ ಬೆಳಕಿನ ಮಲ್ಟಿಸ್ಪೆಕ್ಟ್ರಲ್ ಕ್ಯಾಮೆರಾದಲ್ಲಿ ಫೋಟೊ ತೆಗೆದು ‘ನಾರ್ಮಲ್’ ಎಂದರು. ದೃಷ್ಟಿ 6/6 ಇದೆ. ಆದರೂ ಹನಿ ಹಾಕಿಸಿ ನೋಡಿಸಬೇಕೆ?
– ಓದುಗರು, ಗಂಗಾವತಿ

ಉತ್ತರ: ನೋಡಿಸಲೇಬೇಕು. ಊರು ಬೇರೆ, ವಯಸ್ಸು ಬೇರೆ, ಪ್ರಶ್ನೆ ಮಾತ್ರ ಇದೇ ಮತ್ತೆ ಮತ್ತೆ ಬರುತ್ತಿದೆ. ಹಾಗಾಗಿ ಈ ಸಲ ಬಿಡಿಸಿ ಬರೆಯುತ್ತೇನೆ.

ಮೊದಲು 6/6 ಮಾತು ಬಿಡಿ. ಕಣ್ಣಿನ ಹಿಂಭಾಗದಲ್ಲಿ ಬೆಳಕು ಹಿಡಿಯುವ ಪದರವಾದ ರೆಟಿನಾದ ನಟ್ಟನಡುವೆ ಇರುವ ಮ್ಯಾಕುಲಾ ಕೆಲಸ ಮಾಡುತ್ತಿದೆ ಎಂಬುದಷ್ಟೇ ಅದರಿಂದ ತಿಳಿಯುತ್ತದೆ. ಸುತ್ತಲಿನ ಭಾಗದಲ್ಲಿ ಹೊಸ ರಕ್ತನಾಳಗಳು ಹುಟ್ಟಿದ್ದರೂ, ಅವು ಒಡೆದು ಕಣ್ಣೊಳಗೆ ರಕ್ತ ತುಂಬುವ ಹಿಂದಿನ ದಿನದವರೆಗೂ ಕೊನೆಯ ಸಾಲು ಓದಲು ಬರುತ್ತದೆ.

ಕ್ಯಾಮೆರಾ ಒಳ್ಳೆಯದೇ. ಕಣ್ಣಿನ ಹಿಂಭಾಗದ ಫೋಟೊ ತೆಗೆಯುವ ಮಾಮೂಲಿ ಫಂಡಸ್ ಕ್ಯಾಮೆರಾ ಬಿಳಿ ಬೆಳಕಿನಲ್ಲಿ ಒಂದು ಚಿತ್ರ ತೆಗೆದರೆ, ಇದು ಎಲ್‌ಇಡಿಗಳಿಂದ ಒಂದಾದ ಮೇಲೊಂದು ಬಣ್ಣ ಹಾಯಿಸಿ ಬಣ್ಣಕ್ಕೊಂದು ಚಿತ್ರ ತೆಗೆಯುತ್ತದೆ. ಸಾಮಾನ್ಯವಾಗಿ 550 ನ್ಯಾನೊಮೀಟರ್ ಆಸುಪಾಸಿನ ಹಸಿರಿನಿಂದ 850ರ ಇನ್‌ಫ್ರಾರೆಡ್‌ವರೆಗೆ. ಹಸಿರು ಬೆಳಕನ್ನು ರಕ್ತದ ಹಿಮೊಗ್ಲೋಬಿನ್ ಹೀರಿಕೊಳ್ಳುವುದರಿಂದ ಸೂಜಿಮೊನೆಯಷ್ಟು ರಕ್ತಸ್ರಾವವೂ ಕಪ್ಪಗೆ ಎದ್ದು ಕಾಣುತ್ತದೆ. ಕೆಂಪು ಅದಕ್ಕಿಂತ ಆಳಕ್ಕೆ ಇಳಿಯುತ್ತದೆ. ಇನ್‌ಫ್ರಾರೆಡ್ ಕಪ್ಪು ಬಣ್ಣ ಕೊಡುವ ಮೆಲನಿನ್ ಇರುವ ಪದರವನ್ನೂ ದಾಟಿ ಹಿಂದಿನ ಕೊರಾಯ್ಡ್ ಎಂಬ ರಕ್ತನಾಳಗಳ ಪದರವನ್ನು ತೋರಿಸುತ್ತದೆ. ಮೆಲನಿನ್ ಹೆಚ್ಚಿರುವ ನಮ್ಮ ಕಣ್ಣುಗಳಲ್ಲಿ ಬಿಳಿ ಬೆಳಕಿಗೆ ಈ ಆಳ ಸಿಗುವುದಿಲ್ಲ.

ಎಡವುವುದು ಪಾಪೆಯ ಹತ್ತಿರ. ಹನಿ ಹಾಕದೆ ಚಿತ್ರ ಬರಬೇಕಾದರೆ ಪಾಪೆ ಹೆಚ್ಚುಕಡಿಮೆ 4 ಮಿ.ಮೀ. ಅಗಲ ಇರಬೇಕು. ಶುಗರ್ ಹಳೆಯದಾದಷ್ಟೂ ಪಾಪೆ ಕಿರಿದಾಗುತ್ತದೆ, ಕತ್ತಲಲ್ಲೂ ಸರಿಯಾಗಿ ಹಿಗ್ಗುವುದಿಲ್ಲ. ರೋಗಿಯನ್ನು ಐದು ನಿಮಿಷ ಕತ್ತಲ ಕೋಣೆಯಲ್ಲಿ ಕೂರಿಸಬೇಕು. ಒಂದು ಕಣ್ಣಿಗೆ ಬೆಳಕು ಬಿದ್ದರೆ ಎರಡೂ ಪಾಪೆ ಕುಗ್ಗುತ್ತವೆ, ಆದ್ದರಿಂದ ಇನ್ನೊಂದು ಕಣ್ಣಿಗೆ ಎರಡು-ಮೂರು ನಿಮಿಷ ಬಿಡಬೇಕು. ಶಾಲೆಯ ವರಾಂಡದಲ್ಲಿ ನೂರು ಜನರ ಸಾಲು ನಿಂತಾಗ ಇದನ್ನು ಯಾರು ಮಾಡುತ್ತಾರೆ?

ಇನ್ನು ಪೊರೆ. ಕಣ್ಣಿನ ಪೊರೆ ಹಸಿರು ಬೆಳಕನ್ನು ಚದುರಿಸುತ್ತದೆ, ಇನ್‌ಫ್ರಾರೆಡ್ ಅಷ್ಟಾಗಿ ಚದುರುವುದಿಲ್ಲ. ಹಾಗಾಗಿ ಇನ್‌ಫ್ರಾರೆಡ್ ಚಿತ್ರ ಸ್ವಚ್ಛವಾಗಿ, ಹಸಿರು ಚಿತ್ರ ಬೂದು ಬಣ್ಣದ ಮಸುಕಾಗಿ ಬರುತ್ತದೆ. ಚೆಂದ ಬಂದದ್ದನ್ನು ನೋಡಿ ‘ನಾರ್ಮಲ್’ ಬರೆದುಬಿಟ್ಟರೆ ಅಪಾಯ, ಏಕೆಂದರೆ ಶುಗರ್‌ನಿಂದಾಗುವ ಸಣ್ಣ ರಕ್ತಸ್ರಾವ ಕಾಣಬೇಕಿದ್ದದ್ದು ಆ ಮಸುಕಾದ ಚಿತ್ರದಲ್ಲೇ. ಶಿಬಿರದವರಿಂದ ಹಸಿರು ಚಿತ್ರ ಕೇಳಿ ಪಡೆಯಿರಿ. ಅದರಲ್ಲಿ ಸಣ್ಣ ರಕ್ತನಾಳಗಳ ಅಂಚು ಬಿಡಿಬಿಡಿಯಾಗಿ ಕಾಣದಿದ್ದರೆ ಆ ರಿಪೋರ್ಟಿಗೆ ಬೆಲೆಯಿಲ್ಲ. ಎರಡೂ ಕಣ್ಣಿನ ಚಿತ್ರದಲ್ಲಿ ಒಂದೇ ಜಾಗದಲ್ಲಿ ಚುಕ್ಕೆಯಿದ್ದರೆ ಅದು ಲೆನ್ಸಿನ ಮೇಲಿನ ದೂಳು. ರಕ್ತನಾಳ ಜೋಡಿಗೆರೆಯಾಗಿ ಕಂಡರೆ ನಡುವೆ ಕಣ್ಣು ಕದಲಿದೆ.

ಚಿತ್ರ ಚೆನ್ನಾಗಿಯೇ ಬಂದರೂ ಇಂಥ ಕ್ಯಾಮೆರಾ ಹೆಚ್ಚಾಗಿ ಹಿಡಿಯುವುದು ನಡುವಿನ 45 ಡಿಗ್ರಿಯಷ್ಟನ್ನು. ಅಂಚು ಹೊರಗೇ ಉಳಿಯುತ್ತದೆ. ಮ್ಯಾಕುಲಾ ಎಷ್ಟು ಊದಿದೆ ಎಂದು ಅಳೆಯಲು ಒಸಿಟಿ (ರೆಟಿನಾದ ಪದರಗಳನ್ನು ತೋರಿಸುವ ಸ್ಕ್ಯಾನ್) ಬೇಕು, ರಕ್ತನಾಳ ಎಲ್ಲಿ ಸೋರುತ್ತಿದೆ ಎಂದು ತಿಳಿಯಲು ಕೈನರಕ್ಕೆ ಬಣ್ಣ ಕೊಟ್ಟು ತೆಗೆಯುವ ಆಂಜಿಯೋಗ್ರಫಿ ಬೇಕು.

ಅಪ್ಪನನ್ನು ವರ್ಷಕ್ಕೊಮ್ಮೆ ಕರೆದುಕೊಂಡು ಹೋಗಿ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಟ್ರೋಪಿಕಾಮೈಡ್ ಹನಿ ಬಿಟ್ಟ ಮೇಲೆ ಪಾಪೆ ಹಿಗ್ಗಲು 20–30 ನಿಮಿಷ ಬೇಕು. ಮಬ್ಬು ನಾಲ್ಕಾರು ತಾಸು ಇರುತ್ತದೆ. ಅವರಿಗೆ ಬೈಕ್ ಕೊಡಬೇಡಿ. ನಮ್ಮ ಬಿಸಿಲಿಗೆ ಕಪ್ಪು ಕನ್ನಡಕ ಇರಲಿ. ಹಿಂದೆ ಯಾರಾದರೂ ‘ಕಣ್ಣಿನ ಕೋನ ಕಿರಿದು’ ಎಂದಿದ್ದರೆ ಹನಿ ಬಿಡುವ ಮುಂಚೆಯೇ ಹೇಳಿ. ಹಠಾತ್ತನೆ ಕಪ್ಪು ಚುಕ್ಕೆಗಳು ತೇಲಿದರೆ, ಪರದೆ ಎಳೆದಂತೆ ಕಂಡರೆ ವರ್ಷ ಕಾಯುವುದಲ್ಲ, ಅದೇ ದಿನ ಹೋಗಬೇಕು.

ಪ್ರಶ್ನೆ: ಅಷ್ಟೊಂದು ಬಣ್ಣದ ಬೆಳಕಿನಿಂದ ಕಣ್ಣು ಹಾಳಾಗುವುದಿಲ್ಲವೇ? – ಸಿಂಧನೂರು

ಉತ್ತರ: ಇಲ್ಲ. ಇದು ಎಕ್ಸ್‌ರೇ ಅಲ್ಲ.

ಪ್ರಶ್ನೆ: ಕಣ್ಣಿನ ಬಣ್ಣದ ಭಾಗದ ಫೋಟೊ ನೋಡಿ ಕಿಡ್ನಿ, ಲಿವರ್ ಕಾಯಿಲೆ ಹೇಳುತ್ತಾರೆ. ನಿಜವೇ? – ಕುಷ್ಟಗಿ

ಉತ್ತರ: ಸುಳ್ಳು. ಅದು ಐರಿಸ್, ರೆಟಿನಾ ಅಲ್ಲ. ಹಣ ಕೊಡಬೇಡಿ.

ಪ್ರಶ್ನೆ: ‘ಕಣ್ಣಿನ ನರ’ಕ್ಕೆ ಶಕ್ತಿ ಬರಲು ಹರಳೆಣ್ಣೆ, ಜೇನು ಬಿಡಬಹುದೇ? – ಸಿರುಗುಪ್ಪ

ಉತ್ತರ: ಬಿಡಬಾರದು. ರೆಟಿನಾ ಇರುವುದು ಕಣ್ಣುಗುಡ್ಡೆಯ ಹಿಂಭಾಗದಲ್ಲಿ. ಮೇಲೆ ಬಿಟ್ಟ ಎಣ್ಣೆ ಅಲ್ಲಿಗೆ ತಲುಪುವುದಿಲ್ಲ. ತಲುಪುವುದು ಮುಂದಿನ ಕಾರ್ನಿಯಾಕ್ಕೆ, ಜೊತೆಗೆ ಬಾಟಲಿಯೊಳಗಿನ ಸೂಕ್ಷ್ಮಾಣುಗಳೂ. ಭತ್ತದ ಗದ್ದೆಯಲ್ಲಿ ಕೆಲಸ ಮಾಡುವವರ ಕಣ್ಣಿಗೆ ಹೊಟ್ಟು ಬಡಿದು ಮೊದಲೇ ಗೀರಿದ್ದರೆ ಫಂಗಸ್ ಹುಣ್ಣಾಗಬಹುದು. ಆಗ ಮೆಡಿಕಲ್ ಶಾಪಿನವರು ಕೊಟ್ಟ ಸ್ಟೆರಾಯ್ಡ್ ಹನಿ ಹಾಕಿದರಂತೂ ಕಣ್ಣೇ ಹೋಗುವ ಭಯ. ಈಗಾಗಲೇ ಏನಾದರೂ ಬಿಟ್ಟಿದ್ದು ಕಣ್ಣು ಕೆಂಪಾಗಿದ್ದರೆ, ಬೆಳಕು ನೋಡಲಾಗದಿದ್ದರೆ ಇವತ್ತೇ ವೈದ್ಯರ ಬಳಿ ಹೋಗಿ. ಹೋಗುವಾಗ ಆ ಬಾಟಲಿಯನ್ನೂ ತೆಗೆದುಕೊಂಡು ಹೋಗಿ.