ದಾರಿಬದಿಯ ಹೂವಿಗೆ ಎಷ್ಟು ಹತ್ತಿರ ಹೋಗಬೇಕು?

ಪ್ರಶ್ನೆ: ಬಸ್ ನಿಲ್ದಾಣಕ್ಕೆ ನಡೆಯುವ ದಾರಿಯಲ್ಲಿ ಧರೆಯ (ಪಕ್ಕದ ಮಣ್ಣಿನ ದಿಬ್ಬದ) ಮೇಲೂ ಅಡಿಕೆ ತೋಟದ ಬೇಲಿಯ ಬುಡದಲ್ಲೂ ತುಂಬೆ, ಕನ್ನೆಸೊಪ್ಪು, ಮುಟ್ಟಿದರೆ ಮುನಿ ಹೂಬಿಟ್ಟಿರುತ್ತವೆ. ಕಂಡ ಕೂಡಲೇ ಮೊಬೈಲ್ ಹಿಡಿದು ಬಾಗುತ್ತೇನೆ. ಆದರೆ ಹಿಂದಿನ ಹುಲ್ಲು ಸ್ಪಷ್ಟವಾಗಿ ಬಂದು ಹೂವೇ ಮಸುಕಾಗುತ್ತದೆ. ತುಂಬೆಯಂತೂ ಬರೀ ಬಿಳಿಯ ಮಚ್ಚೆ. ತೀರ ಹತ್ತಿರದಿಂದ ತೆಗೆಯಲೆಂದೇ ಇರುವ ಮ್ಯಾಕ್ರೋ ಲೆನ್ಸಿನ ಕ್ಯಾಮೆರಾ ಕೊಳ್ಳಲೇಬೇಕೇ?
– ಓದುಗರೊಬ್ಬರು, ಶಿರಸಿ

ಉತ್ತರ: ಈಗಲೇ ಕೊಳ್ಳಬೇಡಿ. ನೀವು ಹೂವಿಗೆ ಅತಿಯಾಗಿ ಹತ್ತಿರ ಹೋಗುತ್ತಿರುವುದೇ ಮಸುಕಿಗೆ ಕಾರಣವಿರಬೇಕು. ಯಾವ ಲೆನ್ಸಿಗೂ ಒಂದು ಕನಿಷ್ಠ ಅಂತರವಿದ್ದು, ಅದಕ್ಕಿಂತ ಸಮೀಪದ ವಸ್ತುವಿನ ಮೇಲೆ ಅದು ಫೋಕಸ್ ಮಾಡಲಾರದು. ಬಹಳಷ್ಟು ಮೊಬೈಲ್‌ಗಳ ಮುಖ್ಯ ಕ್ಯಾಮೆರಾದಲ್ಲಿ ಈ ಅಂತರ ಸುಮಾರು 10 ಸೆಂ.ಮೀ.ನಿಂದ ಒಂದು ಗೇಣಿನವರೆಗೆ ಇರುತ್ತದೆ. ಅಷ್ಟು ಹಿಂದೆ ಸರಿದು, ಎರಡರಷ್ಟು ಝೂಮ್ ಮಾಡಿ ತೆಗೆಯಿರಿ. ಮೊಬೈಲಿನ ಮ್ಯಾಕ್ರೋ ವಿಧಾನದಲ್ಲಿ ಕೆಲವೇ ಸೆಂಟಿಮೀಟರ್ ದೂರಕ್ಕೆ ಹೋಗಬೇಕಾಗುವುದರಿಂದ ಮೊಬೈಲಿನದೇ ನೆರಳು ಹೂವಿನ ಮೇಲೆ ಬೀಳುತ್ತದೆ. ನಾನು ಅದನ್ನು ಕಡಿಮೆ ಬಳಸುತ್ತೇನೆ.

ತುಂಬೆಯ ಕತೆ ಬೇರೆ. ಕ್ಯಾಮೆರಾ ಇಡೀ ದೃಶ್ಯದ ಬೆಳಕನ್ನು ಅಳೆದು ಅದನ್ನು ಮಧ್ಯಮ ಹೊಳಪಿಗೆ ತರಲು ನೋಡುತ್ತದೆ. ಧರೆಯ ಕಡುಹಸಿರೇ ಚಿತ್ರದ ಬಹುಭಾಗವನ್ನು ತುಂಬಿರುವಾಗ ಅದು ಎಲ್ಲವನ್ನೂ ಬೆಳಗಿಸಲು ಹೋಗಿ, ಮೊದಲೇ ಬೆಳ್ಳಗಿರುವ ಹೂವಿನ ವಿವರಗಳನ್ನು ಅಳಿಸಿಬಿಡುತ್ತದೆ. ಪರದೆಯ ಮೇಲೆ ಹೂವನ್ನೇ ಒತ್ತಿ ಹಿಡಿದು, ಬೆಳಕಿನ ಗುರುತನ್ನು ಕೆಳಗೆ ಸರಿಸಿ. ಹಿನ್ನೆಲೆ ಕಪ್ಪಾದರೂ ಚಿಂತೆಯಿಲ್ಲ, ತುಂಬೆಯ ಮೇಲಿನ ಎಸಳಿನ ನವಿರಾದ ರೋಮಗಳು ಕಾಣುವವರೆಗೆ ಇಳಿಸಿ. ಆ ರೋಮಗಳನ್ನು ಒಮ್ಮೆ ಕಂಡವರು ತುಂಬೆಯನ್ನು ಕಳೆಯೆಂದು ದಾಟಿಹೋಗಲಾರರು. ಮೋಡ ಕವಿದ ಮಳೆಗಾಲದ ಬೆಳಕು ಎಲ್ಲೆಡೆಯಿಂದ ಮೆತ್ತಗೆ ಬೀಳುವುದರಿಂದ ಬಿಳಿ ಹೂವಿಗೆ ಬಿಸಿಲಿಗಿಂತ ಅದೇ ಲೇಸು.

ಕನ್ನೆಸೊಪ್ಪಿನ ನೀಲಿ ಹೂವು ಬೆಳಿಗ್ಗೆ ಅರಳಿ ಮಧ್ಯಾಹ್ನದ ಹೊತ್ತಿಗೆ ಮುದುಡುತ್ತದೆ. ಸಂಜೆ ಮರಳುವಾಗ ತೆಗೆಯೋಣವೆಂದರೆ ಸಿಗದು. ಮುಟ್ಟಿದರೆ ಮುನಿಯ ಹೂಗುಚ್ಛ ದುಂಡಗಿರುವುದರಿಂದ ಪೂರ್ತಿ ಸ್ಪಷ್ಟವಾಗದು, ನಿಮಗೆ ಹತ್ತಿರವಿರುವ ಎಳೆಗಳ ಮೇಲೆ ಫೋಕಸ್ ಮಾಡಿದರೆ ಸಾಕು. ಗಾಳಿಯಿದ್ದರೆ ಚೌಕಟ್ಟಿನ ಹೊರಗೆ ದಂಟನ್ನು ಎರಡು ಬೆರಳಲ್ಲಿ ಹಗುರವಾಗಿ ಹಿಡಿದು, ಒಂದರ ಹಿಂದೊಂದು ಹಲವು ಚಿತ್ರ ತೆಗೆಯಿರಿ. ಹೂವನ್ನು ಕಿತ್ತು ಅನುಕೂಲದ ಜಾಗದಲ್ಲಿಟ್ಟು ತೆಗೆಯುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಪಾಚಿ ಹಿಡಿದ ಚಿರೆಕಲ್ಲಿನ ಪಾಗಾರದಿಂದ ಬೇರ್ಪಟ್ಟ ಹೂವಿನ ಚಿತ್ರದಲ್ಲಿ ನಿಮ್ಮ ದಾರಿಯೇ ಇರುವುದಿಲ್ಲ.

ಪ್ರಶ್ನೆ: ಟ್ಯಾಗೋರ್ ಕಡಲತೀರದಲ್ಲಿ ತೆಗೆದ ಬಂಗಡೆ ಬಳ್ಳಿಯ ಹೂವಿನ ಚಿತ್ರಗಳೆಲ್ಲ ಮಂಜು ಮುಸುಕಿದಂತಿವೆ. ಏಕೆ?
– ಓದುಗರೊಬ್ಬರು, ಕಾರವಾರ

ಉತ್ತರ: ಕಡಲಗಾಳಿಯ ಉಪ್ಪಿನ ಪದರ ಲೆನ್ಸಿನ ಗಾಜಿಗೆ ಅಂಟಿರಬೇಕು. ಒಣಬಟ್ಟೆಯಿಂದ ಉಜ್ಜಿದರೆ ಮರಳು ಗೀರುಬಿಡಿಸೀತು. ಮೊದಲು ಊದಿ, ಬಳಿಕ ತುಸು ಒದ್ದೆ ಮಾಡಿದ ಮೆತ್ತನೆಯ ಹತ್ತಿಬಟ್ಟೆಯಿಂದ ಒರೆಸಿ. ಬಿಸಿಲೇರುವ ಮೊದಲೇ ಹೋಗಿ, ಮೊಬೈಲನ್ನು ಮರಳಿನ ಮಟ್ಟಕ್ಕೆ ಇಳಿಸಿದರೆ ಆಲಿಕೆಯಂಥ ಹೂವಿನ ಒಳಗಿನ ಕಡುನೇರಳೆಯೂ ಸಿಗುತ್ತದೆ. ಮೊಣಕಾಲೂರುವಾಗ ಬಳ್ಳಿಯನ್ನು ತಪ್ಪಿಸಿ; ದಡದ ಮರಳನ್ನು ಹಿಡಿದಿಡುವುದು ಅದೇ.